ಕೊನೆಯ ನಿಲ್ದಾಣದಲ್ಲಿ ಬಾಗಿಲು ತೆರೆದ ಹೊತ್ತು: ತಪ್ಪಿದ ಸಂಪರ್ಕ ವಿಮಾನ ಮತ್ತು ಪ್ರಯಾಣಿಕರ ಹಕ್ಕು

ಕಳೆದ ವರ್ಷ ಯುರೋಪಿನ ಒಂದು ನಗರದಿಂದ ಅಮ್ಮನೊಂದಿಗೆ ಮರಳುವಾಗ, ನಡುವಿನ ನಿಲ್ದಾಣದಲ್ಲಿ ನಾವು ಹತ್ತಬೇಕಿದ್ದ ಎರಡನೆಯ ವಿಮಾನ ಕಣ್ಣೆದುರೇ ತಪ್ಪಿಹೋಯಿತು. ಗಾಜಿನ ಆಚೆ ವಿಮಾನ ಇನ್ನೂ ನಿಂತೇ ಇತ್ತು. ಆದರೆ ಗೇಟ್ ಮುಚ್ಚಿ ಎಂಟು ನಿಮಿಷ ಕಳೆದಿತ್ತು, ಮುಚ್ಚಿದ ಗೇಟನ್ನು ಮತ್ತೆ ತೆರೆಯುವ ಪದ್ಧತಿ ಇಲ್ಲ. ಮೊದಲ ವಿಮಾನದ ಬ್ರೇಕಿಗೆ ಸಂಬಂಧಿಸಿದ ಬಿಡಿಭಾಗವೊಂದನ್ನು ಬದಲಿಸಬೇಕಾಗಿ ಬಂದು ನಾವು ಒಂದು ಗಂಟೆ ಐದು ನಿಮಿಷ ತಡವಾಗಿ ಇಳಿದಿದ್ದೆವು. ಅಮ್ಮನಿಗಾಗಿ ಮೊದಲೇ ಕೇಳಿಕೊಂಡಿದ್ದ ಗಾಲಿಕುರ್ಚಿ ವಿಮಾನದ ಬಾಗಿಲಿಗೆ ಬರುವಷ್ಟರಲ್ಲಿ ಉಳಿದಿದ್ದ ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ಕರಗಿಹೋಗಿತ್ತು. ಮುಂದಿನ ವಿಮಾನ ಮರುದಿನವೇ ಇದ್ದುದರಿಂದ ನಾವು ಊರು ತಲುಪಿದಾಗ ಟಿಕೆಟ್ಟಿನಲ್ಲಿ ಬರೆದಿದ್ದ ಹೊತ್ತಿಗಿಂತ ಹದಿನಾಲ್ಕು ಗಂಟೆ ತಡವಾಗಿತ್ತು.

ಆ ರಾತ್ರಿ ಟ್ರಾನ್ಸ್‌ಫರ್ ಡೆಸ್ಕಿನಲ್ಲಿದ್ದ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿದರು. ಮರುದಿನದ ವಿಮಾನದಲ್ಲಿ ಸೀಟು ಕೊಟ್ಟರು, ಹೋಟೆಲಿನ ಚೀಟಿಯನ್ನೂ ಕೊಟ್ಟರು. ಪರಿಹಾರದ ಮಾತು ಎತ್ತಿದಾಗ ಮಾತ್ರ, "ನಿಮ್ಮ ಮೊದಲ ವಿಮಾನ ತಡವಾದದ್ದು ಒಂದು ಗಂಟೆ ಮಾತ್ರ, ಮೂರು ಗಂಟೆಗಿಂತ ಕಡಿಮೆ ವಿಳಂಬಕ್ಕೆ ಏನೂ ಸಿಗುವುದಿಲ್ಲ, ಎರಡನೆಯ ವಿಮಾನವಂತೂ ಸರಿಯಾದ ಸಮಯಕ್ಕೇ ಹೊರಟಿದೆ" ಎಂದರು. ಒಂದೊಂದು ವಾಕ್ಯವನ್ನು ಬಿಡಿಯಾಗಿ ನೋಡಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲವನ್ನೂ ಸೇರಿಸಿ ಅವರು ಮುಟ್ಟಿದ ತೀರ್ಮಾನ ಮಾತ್ರ ತಪ್ಪಾಗಿತ್ತು, ಅದು ತಪ್ಪೆಂದು ನನಗೆ ಆಗ ತಿಳಿದಿರಲಿಲ್ಲ. ಆ ಕೌಂಟರಿನ ಮುಂದೆ ನಮ್ಮ ಹಿಂದೆ ಇನ್ನೂ ಹನ್ನೊಂದು ಮಂದಿ ನಿಂತಿದ್ದರು. ಅವರೆಲ್ಲರೂ ಅದೇ ಉತ್ತರವನ್ನು ಕೇಳಿಕೊಂಡು ತಲೆಯಾಡಿಸಿ ಹೋದದ್ದನ್ನು ನೆನೆದಾಗಲೆಲ್ಲ ಇದನ್ನು ವಿವರವಾಗಿ ಬರೆಯಬೇಕೆನ್ನಿಸುತ್ತಿತ್ತು. ಒಂದೇ ಟಿಕೆಟ್ಟಿನ ಪ್ರಯಾಣದಲ್ಲಿ ವಿಳಂಬವನ್ನು ಅಳೆಯಬೇಕಾದದ್ದು ನಡುವಿನ ನಿಲ್ದಾಣದಲ್ಲಲ್ಲ, ಕೊನೆಯ ನಿಲ್ದಾಣದಲ್ಲಿ. ಈ ಒಂದು ಸಂಗತಿ ಗೊತ್ತಿದ್ದರೆ ಉಳಿದ ವಾದಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನಮ್ಮ ಎರಡು ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದವೇ ಎಂಬುದು. ಇ-ಟಿಕೆಟ್ಟಿನ ಮೇಲೆ ಹದಿಮೂರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ಟಿಕೆಟ್ ನೀಡಿದ ವಿಮಾನಯಾನ ಸಂಸ್ಥೆಯನ್ನು ಸೂಚಿಸುತ್ತವೆ. ಎರಡೂ ವಿಮಾನಗಳು ಆ ಒಂದೇ ಸಂಖ್ಯೆಯಡಿ, ಒಂದೇ ಬುಕಿಂಗ್‌ನಲ್ಲಿ ಇದ್ದರೆ, ಅವು ಬೇರೆ ಬೇರೆ ಸಂಸ್ಥೆಗಳ ವಿಮಾನಗಳಾಗಿದ್ದರೂ ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ಒಂದೇ ಪ್ರಯಾಣ. ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಲು ಕನಿಷ್ಠ ಎಷ್ಟು ಹೊತ್ತು ಬೇಕು ಎಂಬುದನ್ನು ಆಯಾ ನಿಲ್ದಾಣಕ್ಕೆ ತಕ್ಕಂತೆ ನಿಗದಿಪಡಿಸಿ ಬುಕಿಂಗ್ ವ್ಯವಸ್ಥೆಯಲ್ಲಿ ಸೇರಿಸಿರುತ್ತಾರೆ. ಆ ಕನಿಷ್ಠ ಸಂಪರ್ಕ ಸಮಯಕ್ಕಿಂತ ಕಡಿಮೆ ಅಂತರವಿರುವ ಜೋಡಿಯನ್ನು ವ್ಯವಸ್ಥೆ ಒಂದೇ ಟಿಕೆಟ್ಟಾಗಿ ಮಾರುವುದಿಲ್ಲ. ಆದ್ದರಿಂದ "ನೀವು ಅಷ್ಟು ಬಿಗಿಯಾದ ಸಂಪರ್ಕವನ್ನು ಆರಿಸಿಕೊಂಡದ್ದೇ ತಪ್ಪು" ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಕಿಲ್ಲ. ಆ ಅಂತರ ಸಾಕೆಂದು ಲೆಕ್ಕ ಹಾಕಿ ಮಾರಿದವರು ಅವರೇ.

ಎರಡನೆಯದಾಗಿ, ಪ್ರಯಾಣಿಕನಿಗೆ ಸಲ್ಲಬೇಕಾದದ್ದು ಒಂದಲ್ಲ, ಹಲವು. ಅವನ್ನು ಕೌಂಟರಿನಲ್ಲಿ ಬೆರೆಸಿ ಮಾತನಾಡುವುದರಿಂದಲೇ ಬಹಳಷ್ಟು ಗೊಂದಲ ಹುಟ್ಟುತ್ತದೆ. ಟಿಕೆಟ್ಟಿನಲ್ಲಿ ಬರೆದ ಕೊನೆಯ ಊರಿಗೆ ಹೆಚ್ಚಿನ ಹಣ ಕೇಳದೆ ತಲುಪಿಸುವುದು ಒಂದು. ಕಾಯುವ ಹೊತ್ತಿನಲ್ಲಿ ಊಟ, ತಿಂಡಿ, ರಾತ್ರಿಯಾದರೆ ವಸತಿ, ಅಲ್ಲಿಗೆ ಹೋಗಿಬರುವ ವಾಹನ, ಇದು ಇನ್ನೊಂದು. ಐರೋಪ್ಯ ನಿಯಮ ಇದನ್ನು ಆರೈಕೆ ಎಂದು ಕರೆದು ಎರಡು ದೂರವಾಣಿ ಕರೆಗಳನ್ನೂ ಅದರಲ್ಲಿ ಸೇರಿಸಿದೆ. ಕಳೆದುಕೊಂಡ ಹೊತ್ತಿಗಾಗಿ ಕೊಡುವ ನಿಗದಿತ ಮೊತ್ತದ ಪರಿಹಾರ ಮೂರನೆಯದು. ವಿಳಂಬದಿಂದ ನಿಜವಾಗಿ ಕೈಯಿಂದ ಖರ್ಚಾದ ಹಣವನ್ನು ರಸೀದಿ ತೋರಿಸಿ ಕೇಳುವ ನಷ್ಟಭರ್ತಿ ನಾಲ್ಕನೆಯದು. ಹೋಟೆಲಿನ ಚೀಟಿಯನ್ನು ತೆಗೆದುಕೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲ. ಮುಂದಿನ ವಿಮಾನದಲ್ಲಿ ಸೀಟು ಒಪ್ಪಿಕೊಂಡದ್ದಕ್ಕೂ ಪರಿಹಾರಕ್ಕೂ ಸಂಬಂಧವಿಲ್ಲ. ನಾವು ಆ ರಾತ್ರಿ ಚೀಟಿಯನ್ನು ಪಡೆಯುವಾಗ, ಇದರಿಂದ ಮುಂದೆ ತೊಂದರೆಯಾದೀತೇ ಎಂದು ಅಮ್ಮ ಎರಡು ಸಲ ಕೇಳಿದ್ದರು. ಆ ಆತಂಕ ಅನೇಕರಲ್ಲಿ ಇರುತ್ತದೆಂದು ಬಲ್ಲೆ, ಅದಕ್ಕಾಗಿಯೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಗದಿತ ಪರಿಹಾರದ ವಿಷಯದಲ್ಲಿ ಅತ್ಯಂತ ವಿಸ್ತಾರವಾಗಿ ಬೆಳೆದಿರುವ ಕಾನೂನು ಯುರೋಪಿನದು. 2004ರಲ್ಲಿ ಅಂಗೀಕಾರವಾಗಿ 2005ರ ಫೆಬ್ರವರಿ 17ರಿಂದ ಜಾರಿಗೆ ಬಂದ 261/2004 ಸಂಖ್ಯೆಯ ನಿಯಮ, ಐರೋಪ್ಯ ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಎಲ್ಲ ಸಂಸ್ಥೆಗಳ ಪ್ರಯಾಣಿಕರಿಗೂ, ಹೊರಗಿನಿಂದ ಒಕ್ಕೂಟಕ್ಕೆ ಬರುವಾಗ ಒಕ್ಕೂಟದ ಸಂಸ್ಥೆಗಳ ವಿಮಾನದಲ್ಲಿ ಬರುವವರಿಗೂ ಅನ್ವಯಿಸುತ್ತದೆ. ಮೊತ್ತ ದೂರವನ್ನು ಅವಲಂಬಿಸಿದೆ: 1500 ಕಿಲೋಮೀಟರ್‌ವರೆಗೆ 250 ಯೂರೋ, ಅದಕ್ಕಿಂತ ಹೆಚ್ಚಾಗಿ 3500 ಕಿಲೋಮೀಟರ್‌ವರೆಗೆ 400 ಯೂರೋ, ಅದನ್ನೂ ಮೀರಿದ ದೂರಕ್ಕೆ 600 ಯೂರೋ. ಒಕ್ಕೂಟದೊಳಗಿನ ವಿಮಾನಗಳಿಗೆ ದೂರ 1500 ಕಿಲೋಮೀಟರನ್ನು ಎಷ್ಟು ಮೀರಿದರೂ 400 ಯೂರೋ ಮಾತ್ರ. ಅತಿ ದೂರದ ವರ್ಗದಲ್ಲಿ ವಿಳಂಬ ಮೂರರಿಂದ ನಾಲ್ಕು ಗಂಟೆಯೊಳಗಿದ್ದರೆ 600ರ ಮೊತ್ತ ಅರ್ಧಕ್ಕೆ ಇಳಿಯಬಹುದು. ಈ ಹಣ ಟಿಕೆಟ್ಟಿನ ಬೆಲೆಯನ್ನು ನೋಡುವುದಿಲ್ಲ. ಪ್ರತಿ ಪ್ರಯಾಣಿಕನಿಗೂ ಪ್ರತ್ಯೇಕವಾಗಿ ಸಲ್ಲುತ್ತದೆ.

ಸೋಜಿಗದ ಸಂಗತಿಯೆಂದರೆ, ಆ ನಿಯಮದ ಮೂಲ ಪಠ್ಯ ಈ ಹಣವನ್ನು ಕೊಟ್ಟದ್ದು ರದ್ದಾದ ವಿಮಾನಕ್ಕೆ ಮತ್ತು ಹತ್ತಲು ಬಿಡದಿದ್ದ ಸಂದರ್ಭಕ್ಕೆ. ಬರೀ ವಿಳಂಬಕ್ಕೆ ಕೊಟ್ಟಿರಲಿಲ್ಲ. 2009ರ ನವೆಂಬರ್ 19ರಂದು ಐರೋಪ್ಯ ನ್ಯಾಯಾಲಯವು, ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದವರು ಅನುಭವಿಸುವ ಕಾಲನಷ್ಟ ರದ್ದತಿಗೆ ಸಿಕ್ಕವರ ನಷ್ಟಕ್ಕಿಂತ ಬೇರೆಯಲ್ಲ, ಆದ್ದರಿಂದ ಇಬ್ಬರಿಗೂ ಒಂದೇ ಪರಿಹಾರ ಸಲ್ಲಬೇಕು ಎಂದಿತು. ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು 2013ರ ಫೆಬ್ರವರಿ 26ರ ತೀರ್ಪು. ಒಬ್ಬ ಪ್ರಯಾಣಿಕರು ಜರ್ಮನಿಯ ಬ್ರೆಮೆನ್‌ನಿಂದ ಪ್ಯಾರಿಸ್ ಮತ್ತು ಸಾವೊ ಪಾಲೊ ಮೂಲಕ ಪರಾಗ್ವೆಯ ಅಸುನ್ಸಿಯಾನ್‌ಗೆ ಹೊರಟಿದ್ದರು. ಮೊದಲ ವಿಮಾನ ಸುಮಾರು ಎರಡೂವರೆ ಗಂಟೆ ತಡವಾಗಿ ಹೊರಟಿತು. ಅಂದರೆ ಆ ವಿಮಾನವೊಂದನ್ನೇ ನೋಡಿದರೆ ಮೂರು ಗಂಟೆಯ ಗಡಿ ಮುಟ್ಟಿರಲಿಲ್ಲ. ಆದರೆ ಮುಂದಿನ ಸಂಪರ್ಕಗಳು ಒಂದರ ಹಿಂದೊಂದು ತಪ್ಪಿ ಅವರು ಕೊನೆಯ ಊರು ತಲುಪಿದಾಗ ಹನ್ನೊಂದು ಗಂಟೆ ತಡವಾಗಿತ್ತು. ನೋಡಬೇಕಾದದ್ದು ಕೊನೆಯ ನಿಲ್ದಾಣದ ವಿಳಂಬವನ್ನೇ, ಮೊದಲ ವಿಮಾನ ಎಷ್ಟು ತಡವಾಗಿ ಹೊರಟಿತೆಂಬುದು ಪರಿಹಾರಕ್ಕೆ ಅಡ್ಡಿಯಲ್ಲ ಎಂದು ನ್ಯಾಯಾಲಯ ಹೇಳಿತು. ನಮ್ಮ ಟ್ರಾನ್ಸ್‌ಫರ್ ಡೆಸ್ಕಿನ ಉತ್ತರಕ್ಕೆ ಹನ್ನೆರಡು ವರ್ಷಗಳ ಹಿಂದೆಯೇ ಬಿದ್ದಿದ್ದ ಮುದ್ರೆ ಅದು.

ಆಮೇಲಿನ ತೀರ್ಪುಗಳು ಇದೇ ತರ್ಕವನ್ನು ಇನ್ನಷ್ಟು ಮುಂದಕ್ಕೆ ಒಯ್ದಿವೆ. 2014ರಲ್ಲಿ, ವಿಮಾನ ನೆಲಕ್ಕೆ ತಾಗಿದ ಕ್ಷಣವಲ್ಲ, ಪ್ರಯಾಣಿಕರು ಇಳಿಯಲು ಕನಿಷ್ಠ ಒಂದು ಬಾಗಿಲು ತೆರೆದ ಕ್ಷಣವೇ ತಲುಪಿದ ಸಮಯ ಎಂದು ತೀರ್ಮಾನವಾಯಿತು. ಎರಡು ಗಂಟೆ ಐವತ್ತೈದು ನಿಮಿಷಕ್ಕೂ ಮೂರು ಗಂಟೆ ಮೂರು ನಿಮಿಷಕ್ಕೂ ನಡುವೆ ತೂಗಾಡುವ ಪ್ರಕರಣಗಳಲ್ಲಿ ಈ ಒಂದು ಸಾಲಿನಿಂದ ಫಲಿತಾಂಶವೇ ಬದಲಾಗುತ್ತದೆ. 2018ರ ಮೇ 31ರಂದು, ಬರ್ಲಿನ್‌ನಿಂದ ಕಾಸಾಬ್ಲಾಂಕಾ ಮೂಲಕ ಅಗಾದಿರ್‌ಗೆ ಒಂದೇ ಬುಕಿಂಗ್‌ನಲ್ಲಿ ಹೊರಟಿದ್ದ ಪ್ರಯಾಣವನ್ನು, ಅದರ ಎರಡನೆಯ ಭಾಗ ಪೂರ್ತಿಯಾಗಿ ಮೊರಾಕೊದ ಒಳಗೇ ಇದ್ದರೂ, ಇಡಿಯಾಗಿ ಒಂದೇ ಪ್ರಯಾಣವೆಂದು ಪರಿಗಣಿಸಬೇಕೆಂದಿತು. 2019ರ ಜುಲೈ 11ರ ತೀರ್ಪಿನ ಪ್ರಯಾಣಿಕರು ಪ್ರಾಗ್‌ನಿಂದ ಅಬುಧಾಬಿ ಮೂಲಕ ಬ್ಯಾಂಕಾಕಿಗೆ ಹೋದವರು. ಮೊದಲ ಭಾಗ ಸಮಯಕ್ಕೆ ಸರಿಯಾಗಿ ಮುಗಿದಿತ್ತು, ತಡವಾದದ್ದು ಒಕ್ಕೂಟದ ಹೊರಗಿನ ಬೇರೊಂದು ಸಂಸ್ಥೆ ಹಾರಿಸಿದ ಎರಡನೆಯ ಭಾಗ. ಆದರೂ ಟಿಕೆಟ್ ಮಾರಿ ಮೊದಲ ಭಾಗವನ್ನು ನಡೆಸಿದ ಐರೋಪ್ಯ ಸಂಸ್ಥೆಯೇ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಕೊಟ್ಟ ಹಣವನ್ನು ಆ ಸಂಸ್ಥೆ ತನ್ನ ಪಾಲುದಾರ ಸಂಸ್ಥೆಯಿಂದ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ವ್ಯವಹಾರ, ಪ್ರಯಾಣಿಕನನ್ನು ಇಬ್ಬರ ನಡುವೆ ಓಡಾಡಿಸುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟು, ಪರಸ್ಪರ ಸಂಬಂಧವಿಲ್ಲದ ಸಂಸ್ಥೆಗಳ ವಿಮಾನಗಳನ್ನು ಟ್ರಾವೆಲ್ ಏಜೆನ್ಸಿಯೊಂದು ಜೋಡಿಸಿ, ಒಟ್ಟು ಬೆಲೆ ವಿಧಿಸಿ, ಒಂದೇ ಟಿಕೆಟ್ ನೀಡಿದ್ದರೆ ಅದೂ ಸಂಪರ್ಕ ಪ್ರಯಾಣವೇ ಎಂದಿತು.

ದೂರದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. 2017ರ ತೀರ್ಪಿನಂತೆ ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣಕ್ಕೆ ಭೂಗೋಳದ ಮೇಲಿನ ನೇರ ದೂರವನ್ನೇ ಹಿಡಿಯಬೇಕು. ನಡುವಿನ ಊರಿಗೆ ಸುತ್ತಿ ಹೋದ ಕಿಲೋಮೀಟರುಗಳು ಸೇರುವುದಿಲ್ಲ. ಇದರಿಂದ ಕೆಲವರಿಗೆ ಮೊತ್ತ ಕಡಿಮೆಯಾಗುತ್ತದೆ, ಆದರೆ ಮೊದಲ ಸಣ್ಣ ಹಾರಾಟದ ದೂರವನ್ನು ಮಾತ್ರ ಹಿಡಿದು 250 ಯೂರೋ ಕೊಡಲು ಬರುವ ಸಂಸ್ಥೆಗೆ ಇದೇ ತೀರ್ಪು ಉತ್ತರವೂ ಹೌದು.

ಇನ್ನು ಕಾರಣಗಳ ವಿಷಯ. ಎಲ್ಲ ಎಚ್ಚರ ವಹಿಸಿದ್ದರೂ ತಪ್ಪಿಸಲಾಗದಂಥ ಅಸಾಧಾರಣ ಸನ್ನಿವೇಶದಿಂದ ವಿಳಂಬವಾಯಿತೆಂದು ಸಂಸ್ಥೆ ಸಾಬೀತುಪಡಿಸಿದರೆ ನಿಗದಿತ ಪರಿಹಾರ ಸಿಗುವುದಿಲ್ಲ. ಸಾಬೀತುಪಡಿಸುವ ಹೊಣೆ ಸಂಸ್ಥೆಯದು, ನಮ್ಮದಲ್ಲ ಎಂಬುದನ್ನು ನೆನಪಿಡಬೇಕು. ಕೆಟ್ಟ ಹವಾಮಾನ, ವಿಮಾನ ಸಂಚಾರ ನಿಯಂತ್ರಣದ ನಿರ್ಬಂಧ, ಭದ್ರತೆಯ ಅಪಾಯ ಮುಂತಾದವು ಈ ಗುಂಪಿಗೆ ಬರುತ್ತವೆ. ಹಕ್ಕಿ ಬಡಿದದ್ದನ್ನೂ 2017ರಲ್ಲಿ ನ್ಯಾಯಾಲಯ ಇದರಲ್ಲಿ ಸೇರಿಸಿತು. ಆದರೆ ವಿಮಾನದ ತಾಂತ್ರಿಕ ದೋಷ, ಸಂಸ್ಥೆಯ ದಿನನಿತ್ಯದ ಕೆಲಸಕ್ಕೇ ಅಂಟಿಕೊಂಡದ್ದಾದ ಕಾರಣ, ಸಾಮಾನ್ಯವಾಗಿ ಅಸಾಧಾರಣವಲ್ಲ ಎಂದು 2008ರ ಡಿಸೆಂಬರ್‌ನಲ್ಲಿಯೇ ತೀರ್ಪಾಗಿದೆ. ಸಂಸ್ಥೆಯ ಸ್ವಂತ ನೌಕರರ ಸಂಘ ಸಂಬಳ ಮತ್ತು ಕೆಲಸದ ಷರತ್ತುಗಳಿಗಾಗಿ ನಡೆಸಿದ ಮುಷ್ಕರವೂ ಅಸಾಧಾರಣವಲ್ಲ ಎಂದು 2021ರಲ್ಲಿ ಹೇಳಲಾಯಿತು. ಅಸಾಧಾರಣ ಸನ್ನಿವೇಶವೇ ಇದ್ದರೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ. 2020ರ ಜೂನ್ 11ರ ತೀರ್ಪಿನಲ್ಲಿ, ಬ್ರೆಜಿಲ್‌ನಿಂದ ಲಿಸ್ಬನ್ ಮೂಲಕ ಓಸ್ಲೋಗೆ ಹೊರಟವರೊಬ್ಬರ ಸಂಪರ್ಕ ತಪ್ಪಿದ್ದು, ಅದೇ ವಿಮಾನ ಅದಕ್ಕೂ ಹಿಂದಿನ ಹಾರಾಟದಲ್ಲಿ ಪುಂಡಾಟ ಮಾಡಿದ ಪ್ರಯಾಣಿಕನೊಬ್ಬನನ್ನು ಇಳಿಸಲು ದಾರಿ ಬದಲಿಸಿ ತಡವಾದದ್ದರಿಂದ. ಆ ಕಾರಣ ಅಸಾಧಾರಣವಾಗಬಹುದೆಂದು ಒಪ್ಪಿದ ನ್ಯಾಯಾಲಯ, ಅಷ್ಟಕ್ಕೇ ಬಿಡದೆ, ಸಂಸ್ಥೆ ತನ್ನದೇ ಮರುದಿನದ ವಿಮಾನದಲ್ಲಿ ಸೀಟು ಕೊಟ್ಟರೆ ಸಾಲದು, ಬೇರೆ ಸಂಸ್ಥೆಗಳ ವಿಮಾನಗಳಲ್ಲಿ ಬೇಗ ತಲುಪಿಸುವ ದಾರಿ ಇತ್ತೇ ಎಂಬುದನ್ನೂ ನೋಡಿರಬೇಕು ಎಂದಿತು. ಕೌಂಟರಿನಲ್ಲಿ ನಿಂತಾಗ "ಬೇರೆ ಸಂಸ್ಥೆಯ ವಿಮಾನದಲ್ಲಿ ಇವತ್ತೇ ಕಳುಹಿಸಲು ಸಾಧ್ಯವೇ?" ಎಂದು ಕೇಳುವುದು ಅತಿಯಾಸೆಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ನಾನು ಆ ರಾತ್ರಿ ಅದನ್ನು ಕೇಳಲಿಲ್ಲ; ಕೇಳಿದ್ದರೆ ಅಮ್ಮ ಬಹುಶಃ ಆರು ಗಂಟೆ ಮೊದಲೇ ಮನೆಯಲ್ಲಿ ಮಲಗಿರುತ್ತಿದ್ದರು.

ಇಷ್ಟೆಲ್ಲ ಓದಿದ ಮೇಲೆ ನಮ್ಮವರು ತಪ್ಪು ತಿಳಿಯಬಹುದಾದ ಒಂದು ಜಾಗವಿದೆ. ಯುರೋಪಿನ ನಿಲ್ದಾಣದಲ್ಲಿ ವಿಮಾನ ತಪ್ಪಿದ ಮಾತ್ರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಭಾರತದಿಂದ ಯುರೋಪಿನ ಒಂದು ಊರಿನ ಮೂಲಕ ಅಮೆರಿಕಕ್ಕೆ ಒಂದೇ ಟಿಕೆಟ್ಟಿನಲ್ಲಿ ಹೋಗುವವರ ಪ್ರಯಾಣದ ಎರಡೂ ತುದಿಗಳು ಒಕ್ಕೂಟದ ಹೊರಗಿವೆ. ಇಡೀ ಪ್ರಯಾಣವನ್ನು ಒಂದಾಗಿ ನೋಡುವ ಅದೇ ತತ್ವದಿಂದಾಗಿ, ನಡುವೆ ಮಾತ್ರ ಒಕ್ಕೂಟದ ನೆಲ ಮುಟ್ಟುವ ಇಂಥ ಪ್ರಯಾಣಕ್ಕೆ ನಿಯಮ ಸಲ್ಲದೆಂದು 2022ರ ಫೆಬ್ರವರಿಯಲ್ಲಿ, ಮೊಲ್ಡೊವಾದಿಂದ ವಿಯೆನ್ನಾ ಮೂಲಕ ಬ್ಯಾಂಕಾಕಿಗೆ ಹೋಗುತ್ತಿದ್ದವರ ಪ್ರಕರಣದಲ್ಲಿ, ತೀರ್ಮಾನವಾಗಿದೆ. ಭಾರತದಿಂದ ಯುರೋಪಿನ ಊರಿಗೇ ಐರೋಪ್ಯ ಸಂಸ್ಥೆಯಲ್ಲಿ ಹೋಗುವವರಿಗೆ, ಅಲ್ಲಿಂದ ಯಾವುದೇ ಸಂಸ್ಥೆಯಲ್ಲಿ ಹೊರಟು ಬರುವವರಿಗೆ ಅದು ಸಲ್ಲುತ್ತದೆ. ನಮ್ಮದು ಈ ಎರಡನೆಯ ಬಗೆ.

ನಿಯಮ ಸಲ್ಲದಿದ್ದವರು ಬರಿಗೈಯಲ್ಲಿ ಉಳಿಯಬೇಕಿಲ್ಲ. 1999ರ ಮೇ 28ರಂದು ಸಹಿಯಾಗಿ 2003ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮಾಂಟ್ರಿಯಲ್ ಒಪ್ಪಂದ ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಬಹುಪಾಲು ದೇಶಗಳಲ್ಲಿ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಅದರ 19ನೆಯ ವಿಧಿ, ವಿಳಂಬದಿಂದಾದ ನಷ್ಟಕ್ಕೆ ವಿಮಾನಯಾನ ಸಂಸ್ಥೆ ಹೊಣೆ, ತಾನು ತೆಗೆದುಕೊಳ್ಳಬೇಕಾದ ಎಲ್ಲ ಸಮಂಜಸ ಕ್ರಮಗಳನ್ನು ತೆಗೆದುಕೊಂಡಿತ್ತೆಂದು ಅಥವಾ ಅದು ಸಾಧ್ಯವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಬಿಡುಗಡೆ ಎನ್ನುತ್ತದೆ. ಇಲ್ಲಿ ನಿಗದಿತ ಮೊತ್ತವಿಲ್ಲ. ತಪ್ಪಿದ ವಿಮಾನದಿಂದಾಗಿ ಹಾಳಾದ ಹೋಟೆಲ್ ಬುಕಿಂಗ್, ಹೊಸದಾಗಿ ಕೊಂಡ ರೈಲು ಟಿಕೆಟ್, ಕಾಯುವಾಗ ಆದ ಊಟದ ಖರ್ಚು, ಹೀಗೆ ಕೈಯಿಂದ ಹೋದದ್ದನ್ನು ಒಂದೊಂದಾಗಿ ರುಜುವಾತುಪಡಿಸಬೇಕು. ಗರಿಷ್ಠ ಮಿತಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಮಾನದಲ್ಲಿ, 2019ರ ಡಿಸೆಂಬರ್ 28ರಿಂದ 5346 ಇದ್ದದ್ದು 2024ರ ಡಿಸೆಂಬರ್ 28ರಿಂದ 6303 ಆಗಿದೆ. ಲಗೇಜಿನ ಮಿತಿ 1288ರಿಂದ 1519ಕ್ಕೆ ಏರಿದೆ. ಇವು ಮಿತಿಗಳೇ ಹೊರತು ಎಲ್ಲರಿಗೂ ಸಿಗುವ ಹಣವಲ್ಲ. ಸಂಪರ್ಕ ತಪ್ಪಿದಾಗ ಲಗೇಜು ಹಿಂದುಳಿಯುವುದು ತೀರ ಸಾಮಾನ್ಯವಾದ್ದರಿಂದ ಇನ್ನೊಂದು ಮಾತು: ತಡವಾಗಿ ಬಂದ ಲಗೇಜಿನ ಬಗ್ಗೆ ಅದು ಕೈ ಸೇರಿದ 21 ದಿನಗಳೊಳಗೆ, ಹಾನಿಗೊಂಡ ಲಗೇಜಿನ ಬಗ್ಗೆ 7 ದಿನಗಳೊಳಗೆ ಲಿಖಿತ ದೂರು ಸಲ್ಲಬೇಕು. ಮೊಕದ್ದಮೆ ಹೂಡಲು ಒಪ್ಪಂದ ಕೊಡುವ ಕಾಲಾವಕಾಶ ಎರಡು ವರ್ಷ.

ಭಾರತದೊಳಗಿನ ನಿಯಮಗಳು ಇನ್ನೂ ಯುರೋಪಿನಷ್ಟು ದೂರ ಬಂದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಂದರೆ ಡಿಜಿಸಿಎ, 2010ರಿಂದ ಜಾರಿಯಲ್ಲಿಟ್ಟಿರುವ ನಿಯಮದಂತೆ ಸಕಾಲದಲ್ಲಿ ತಿಳಿಸದೆ ವಿಮಾನ ರದ್ದುಪಡಿಸಿದರೆ ಹಾರಾಟದ ಅವಧಿಯನ್ನು ನೋಡಿ 5000, 7500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವುಗಳಲ್ಲಿ ಕಡಿಮೆಯಾದದ್ದು ಪರಿಹಾರವಾಗಿ ಸಲ್ಲುತ್ತದೆ. ಬರೀ ವಿಳಂಬಕ್ಕೆ ಊಟ ಉಪಾಹಾರ, ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಹಣ ವಾಪಸು, 24 ಗಂಟೆ ಮೀರಿದರೆ ವಸತಿ ಎಂಬ ಏರ್ಪಾಡಿದೆ. ಕಳೆದ ಹೊತ್ತಿಗೆ ಹಣದ ಪರಿಹಾರ ಇಲ್ಲ. ಒಂದೇ ಟಿಕೆಟ್ಟಿನಲ್ಲಿ ಮೊದಲ ವಿಮಾನ ಎರಡು ಗಂಟೆ ತಡವಾಗಿ ಎರಡನೆಯದು ತಪ್ಪಿ ಇಡೀ ದಿನ ಹಾಳಾದವರಿಗೆ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಇಂಥ ಸಂದರ್ಭದಲ್ಲಿ ಸಂಸ್ಥೆಗೆ ಬರೆದು, ಉತ್ತರ ಸಮಾಧಾನ ತರದಿದ್ದರೆ ಸರ್ಕಾರದ ಏರ್‌ಸೇವಾ ವ್ಯವಸ್ಥೆಯಲ್ಲಿ ದೂರು ದಾಖಲಿಸಿ, ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಾಗದ ಆಯೋಗಕ್ಕೇ ಹೋಗಲು ಅವಕಾಶ ಕೊಟ್ಟಿದೆ. ಕಾಲಮಿತಿ ಎರಡು ವರ್ಷ.

ಅಮೆರಿಕದಲ್ಲಿ ವಿಳಂಬಕ್ಕೆ ನಿಗದಿತ ಪರಿಹಾರವನ್ನು ಕಡ್ಡಾಯ ಮಾಡುವ ಕೇಂದ್ರ ಕಾನೂನು ಇಲ್ಲ. 2024ರಲ್ಲಿ ಬಂದ ನಿಯಮ, ಪ್ರಯಾಣವನ್ನೇ ಕೈಬಿಡುವವರಿಗೆ ಹಣ ವಾಪಸು ಕೊಡುವುದನ್ನು ಸ್ಪಷ್ಟಪಡಿಸಿದೆ: ದೇಶದೊಳಗೆ ಮೂರು ಗಂಟೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ. ಕೆನಡಾದಲ್ಲಿ 2019ರ ನಿಯಮಗಳಂತೆ, ವಿಳಂಬ ಸಂಸ್ಥೆಯ ಹಿಡಿತದಲ್ಲಿದ್ದು ಸುರಕ್ಷತೆಗೆ ಸಂಬಂಧಿಸದಿದ್ದರೆ, ದೊಡ್ಡ ಸಂಸ್ಥೆಗಳು ಕೊನೆಯ ಊರಿನ ವಿಳಂಬವನ್ನು ನೋಡಿ 400, 700 ಅಥವಾ 1000 ಕೆನಡಾ ಡಾಲರ್ ಕೊಡಬೇಕು. ಕೇಳಲು ಒಂದು ವರ್ಷದ ಗಡುವಿದೆ.

ಎರಡು ಬೇರೆ ಬೇರೆ ಟಿಕೆಟ್ಟುಗಳನ್ನು ತಾವೇ ಜೋಡಿಸಿಕೊಂಡವರ ಸ್ಥಿತಿ ಕಷ್ಟದ್ದು. ಮೊದಲ ವಿಮಾನದವರ ಹೊಣೆ ನಡುವಿನ ಊರಿಗೇ ಮುಗಿಯುತ್ತದೆ, ಎರಡನೆಯವರು ನಿಮ್ಮನ್ನು ಬಾರದೆ ಹೋದವರೆಂದು ಬರೆದುಕೊಳ್ಳುತ್ತಾರೆ. ಕೆಲವು ಟಿಕೆಟ್ ಮಾರಾಟ ತಾಣಗಳು ಇಂಥ ಜೋಡಿಯನ್ನೂ ಒಂದೇ ಪುಟದಲ್ಲಿ, ಒಂದೇ ಬೆಲೆಯಲ್ಲಿ ತೋರಿಸುತ್ತವೆ, ಆದರೆ ಹಣ ಕಟ್ಟಿದ ಮೇಲೆ ಎರಡು ಪ್ರತ್ಯೇಕ ಬುಕಿಂಗ್ ಸಂಖ್ಯೆಗಳು ಬರುತ್ತವೆ. ನಡುವೆ ಲಗೇಜನ್ನು ಸ್ವತಃ ಪಡೆದು ಮತ್ತೆ ಒಪ್ಪಿಸಬೇಕೆಂಬ ಸೂಚನೆ ಕಂಡರೆ ಅಲ್ಲಿಯೇ ನಿಂತು ಓದುವುದು ಒಳ್ಳೆಯದು. ಇಂಥವರಿಗೆ ಸಂಪರ್ಕ ತಪ್ಪುವುದನ್ನು ಒಳಗೊಂಡ ಪ್ರಯಾಣ ವಿಮೆ ನೆರವಾಗಬಲ್ಲದು, ಆದರೆ ಎರಡು ವಿಮಾನಗಳ ನಡುವೆ ಕನಿಷ್ಠ ಎಷ್ಟು ಗಂಟೆ ಅಂತರವಿರಬೇಕೆಂಬ ಷರತ್ತನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ವಿಮಾನ ತಪ್ಪಿದ ಮೊದಲ ಗಂಟೆಯಲ್ಲಿ ಮಾಡಬೇಕಾದದ್ದನ್ನು ಅನುಭವದಿಂದ ಹೇಳುತ್ತೇನೆ. ಟ್ರಾನ್ಸ್‌ಫರ್ ಡೆಸ್ಕಿನ ಸಾಲಿನಲ್ಲಿ ನಿಂತಿರುವಾಗಲೇ ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಬೇಕು ಮತ್ತು ಅದರ ಆ್ಯಪ್ ನೋಡಬೇಕು, ಏಕೆಂದರೆ ಉಳಿದ ಸೀಟುಗಳು ಸಾಲು ಕರಗುವವರೆಗೆ ಕಾಯುವುದಿಲ್ಲ. ಗಾಬರಿಯಲ್ಲಿ ಸ್ವಂತ ಹಣದಿಂದ ಹೊಸ ಟಿಕೆಟ್ ಕೊಳ್ಳಬಾರದು. ಸಂಸ್ಥೆ ಕಳುಹಿಸಲು ನಿರಾಕರಿಸಿದ್ದಕ್ಕೆ ಲಿಖಿತ ಆಧಾರವಿಲ್ಲದೆ ಆ ಹಣವನ್ನು ವಾಪಸು ಪಡೆಯುವುದು ಬಹಳ ಕಷ್ಟ, ಅಲ್ಲದೆ ಸಂಸ್ಥೆಗೆ ತಿಳಿಸದೆ ಒಂದು ಭಾಗವನ್ನು ಬಿಟ್ಟರೆ ಅದೇ ಟಿಕೆಟ್ಟಿನ ಉಳಿದ ಭಾಗಗಳೂ ರದ್ದಾಗಬಹುದು. ಬೋರ್ಡಿಂಗ್ ಪಾಸ್, ಲಗೇಜಿನ ಚೀಟಿ, ಗೇಟಿನ ಪರದೆ, ಎಲ್ಲದರ ಚಿತ್ರ ತೆಗೆದುಕೊಳ್ಳಬೇಕು. ವಿಳಂಬದ ಕಾರಣವನ್ನು ಬರೆದು ಕೊಡಿ ಎಂದು ಕೇಳಬೇಕು. ಕೊಡದಿದ್ದರೆ ಘೋಷಣೆಯಲ್ಲಿ ಹೇಳಿದ್ದನ್ನು ಆಗಲೇ ಸಮಯದೊಂದಿಗೆ ಬರೆದಿಟ್ಟುಕೊಳ್ಳಬೇಕು. ನಮ್ಮ ಕ್ಯಾಪ್ಟನ್ ಬ್ರೇಕಿನ ಬಿಡಿಭಾಗದ ಬಗ್ಗೆ ಹೇಳಿದ್ದನ್ನು ನಾನು ಫೋನಿನಲ್ಲಿ ಬರೆದುಕೊಂಡಿದ್ದೆ, ಅದೇ ಮುಂದೆ ನೆರವಿಗೆ ಬಂತು. ಆ ದೇಶದೊಳಗೆ ಕಾಲಿಡಲು ವೀಸಾ ಇಲ್ಲದವರಿಗೆ ಹೊರಗಿನ ಹೋಟೆಲಿನ ಚೀಟಿ ಉಪಯೋಗಕ್ಕೆ ಬಾರದು, ಅಂಥವರು ಟರ್ಮಿನಲ್ ಒಳಗೇ ವಿಶ್ರಾಂತಿಯ ವ್ಯವಸ್ಥೆಯನ್ನು ಕೇಳಬೇಕು. ವಯಸ್ಸಾದವರು, ನಡೆಯಲಾಗದವರು ಜೊತೆಗಿದ್ದರೆ ಅದನ್ನು ಮೊದಲೇ ಹೇಳಬೇಕು: 261ನೆಯ ನಿಯಮದ 11ನೆಯ ವಿಧಿ ಅಂಥವರಿಗೆ ಮತ್ತು ಅವರ ಜೊತೆಗಾರರಿಗೆ ಆದ್ಯತೆ ಕೊಡಬೇಕೆನ್ನುತ್ತದೆ, 2006ರ 1107ನೆಯ ನಿಯಮ ವಿಮಾನ ಬದಲಿಸುವಾಗಿನ ನೆರವನ್ನೂ ನಿಲ್ದಾಣದ ಹೊಣೆಯೆನ್ನುತ್ತದೆ. ಗಾಲಿಕುರ್ಚಿ ತಡವಾದದ್ದು ಅಮ್ಮನ ತಪ್ಪಾಗಿರಲಿಲ್ಲ. ಆದರೂ ಆ ರಾತ್ರಿಯಿಡೀ ಅವರು "ನನ್ನಿಂದಲೇ ತಡವಾಯಿತು" ಎನ್ನುತ್ತಲೇ ಇದ್ದರು, ಅದನ್ನು ಕೇಳುವುದು ವಿಮಾನ ತಪ್ಪಿದ್ದಕ್ಕಿಂತ ಕಷ್ಟವಾಗಿತ್ತು.

ಊರಿಗೆ ಬಂದ ವಾರದಲ್ಲಿ ನಾನು ಸಂಸ್ಥೆಯ ಅರ್ಜಿ ನಮೂನೆಯನ್ನು ತುಂಬಿಸಿ, ಜೊತೆಗೆ ಒಂದು ಪುಟದ ಪತ್ರ ಬರೆದೆ. ಟಿಕೆಟ್ ಸಂಖ್ಯೆ, ಎರಡೂ ವಿಮಾನಗಳ ಸಂಖ್ಯೆ, ಕೊನೆಯ ನಿಲ್ದಾಣಕ್ಕೆ ತಲುಪಬೇಕಿದ್ದ ಹೊತ್ತು, ನಿಜವಾಗಿ ಬಾಗಿಲು ತೆರೆದ ಹೊತ್ತು, ನೇರ ದೂರ, ಇಬ್ಬರಿಗೆ 600 ಯೂರೋಗಳಂತೆ 1200 ಯೂರೋ, ಊಟದ ಎರಡು ರಸೀದಿಗಳು, ಬ್ಯಾಂಕ್ ಖಾತೆಯ ವಿವರ, ಇಷ್ಟೇ. ಮೂರು ವಾರಗಳ ಮೇಲೆ ಬಂದ ಉತ್ತರದಲ್ಲಿ ಡೆಸ್ಕಿನವರು ಹೇಳಿದ್ದೇ ಇತ್ತು, ಜೊತೆಗೆ ಮುಂದಿನ ಪ್ರಯಾಣಕ್ಕೆ ಬಳಸಬಹುದಾದ 200 ಯೂರೋಗಳ ವೋಚರನ್ನು ಸೌಹಾರ್ದದ ಕುರುಹಾಗಿ ಕೊಡುವುದಾಗಿ ಬರೆದಿದ್ದರು. ಪರಿಹಾರವನ್ನು ನಗದು, ಬ್ಯಾಂಕ್ ವರ್ಗಾವಣೆ ಅಥವಾ ಚೆಕ್ಕಿನಲ್ಲಿ ಕೊಡಬೇಕು, ಪ್ರಯಾಣಿಕ ಸಹಿ ಮಾಡಿ ಒಪ್ಪಿದರೆ ಮಾತ್ರ ವೋಚರ್ ಎಂದು ನಿಯಮದ 7ನೆಯ ವಿಧಿಯಲ್ಲಿಯೇ ಇದೆ. ಅದನ್ನು ಉಲ್ಲೇಖಿಸಿ, ವೋಚರನ್ನು ನಿರಾಕರಿಸಿ, 2013ರ ತೀರ್ಪಿನ ಸಾರವನ್ನು ಎರಡು ಸಾಲಿನಲ್ಲಿ ಬರೆದೆ. ಎರಡನೆಯ ಉತ್ತರದಲ್ಲಿ ಮೂರು ಗಂಟೆಯ ವಾದ ಮಾಯವಾಗಿತ್ತು. ಅದರ ಜಾಗದಲ್ಲಿ ತಾಂತ್ರಿಕ ದೋಷ ಅಸಾಧಾರಣ ಸನ್ನಿವೇಶ ಎಂಬ ವಾದ ಬಂದಿತ್ತು. ಅದಕ್ಕೆ 2008ರ ತೀರ್ಪನ್ನು ತೋರಿಸಿ, ಆ ಬಿಡಿಭಾಗದ ದೋಷ ಹೇಗೆ ಅಸಾಧಾರಣವೆಂಬುದಕ್ಕೆ ದಾಖಲೆ ಕೊಡಿ, ಇಲ್ಲವಾದರೆ ಹೊರಟ ದೇಶದ ಜಾರಿ ಸಂಸ್ಥೆಗೆ ದೂರು ಕೊಡುತ್ತೇನೆ ಎಂದು ಬರೆದೆ. ಒಕ್ಕೂಟದ ಪ್ರತಿ ದೇಶದಲ್ಲೂ ಈ ನಿಯಮದ ಜಾರಿಗೆಂದೇ ಒಂದು ಸಂಸ್ಥೆಯನ್ನು ಗೊತ್ತುಪಡಿಸಿರುತ್ತಾರೆ. ನಮ್ಮ ಪರವಾಗಿ ಹಣ ವಸೂಲು ಮಾಡಿಕೊಡುವ ಕಂಪನಿಗಳೂ ಇವೆ, ಆದರೆ ಅವು ಬಂದ ಹಣದಲ್ಲಿ ಗಣನೀಯ ಪಾಲನ್ನು ತಾವೇ ಇಟ್ಟುಕೊಳ್ಳುತ್ತವೆ. ಮೂರು ಪತ್ರಗಳನ್ನು ಸ್ವತಃ ಬರೆಯಬಲ್ಲವರು ಮೊದಲು ಅದನ್ನೇ ಮಾಡಲಿ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಪತ್ರಕ್ಕೆ ವಾದದ ಉತ್ತರ ಬರಲಿಲ್ಲ. ಐದನೆಯ ತಿಂಗಳಲ್ಲಿ ಇಬ್ಬರ ಖಾತೆಗಳಿಗೂ 600 ಯೂರೋಗಳ ಮೌಲ್ಯದ ರೂಪಾಯಿ ಪ್ರತ್ಯೇಕವಾಗಿ ಜಮೆಯಾಯಿತು. ಬ್ಯಾಂಕಿನ ಸಂದೇಶವನ್ನು ಅಮ್ಮನಿಗೆ ತೋರಿಸಿ, ತಪ್ಪು ಅವರದೆಂದು ಸಂಸ್ಥೆಯವರೇ ಒಪ್ಪಿ ಕಳುಹಿಸಿದ ಹಣ ಇದು, ನಿಮ್ಮಿಂದ ತಡವಾಗಿದ್ದರೆ ಇದು ಬರುತ್ತಲೇ ಇರಲಿಲ್ಲ ಎಂದೆ. ಊಟದ ರಸೀದಿಗಳ ಹಣ ಮಾತ್ರ ಅದರಲ್ಲಿ ಇರಲಿಲ್ಲ. ಅದಕ್ಕಾಗಿ ನಾಲ್ಕನೆಯ ಪತ್ರ ಬರೆದೆ, ಎರಡು ವಾರಗಳಲ್ಲಿ ಅದೂ ಬಂತು.